ಹಾಲಿವುಡ್ ನಟರ ಯೂನಿಯನ್: ಪದೇ ಪದೇ ಕೇಳುವ ಪ್ರಶ್ನೆಗಳು

2023ರಲ್ಲಿ ಹಾಲಿವುಡ್ ನಟರು ಮುಷ್ಕರ ಹೂಡಿದಾಗ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ನನಗೆ ಬಂದ ಪ್ರಶ್ನೆಗಳು ಇವು. ಆಮೇಲೂ ನಿಂತಿಲ್ಲ. ಎಐ ಸುದ್ದಿ ಬಂದಾಗಲೆಲ್ಲ ಯಾರಾದರೂ ಮತ್ತೆ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ನಟನೂ ಅಲ್ಲ. ಒಂದೇ ಒಂದು ಸಲ ಕ್ಯಾಮೆರಾ ಮುಂದೆ ಕೂತಿದ್ದೇನೆ. ಆ ಕಥೆ ಕೆಳಗೆ ಬರುತ್ತದೆ.

ಸ್ಯಾಗ್-ಆಫ್ಟ್ರಾ ಅಂದರೆ ಏನು?

ಅಮೆರಿಕದಲ್ಲಿ ಸಿನಿಮಾ, ಟಿವಿ, ರೇಡಿಯೋ, ಜಾಹೀರಾತು, ವಿಡಿಯೋ ಗೇಮ್‌ಗಳಲ್ಲಿ ಕೆಲಸ ಮಾಡುವ ಕಲಾವಿದರ ಕಾರ್ಮಿಕ ಸಂಘ. ಸದಸ್ಯರು ಸುಮಾರು 1,60,000. ನಟ ನಟಿಯರಷ್ಟೇ ಇದ್ದಾರೆ ಅಂದುಕೊಳ್ಳಬೇಡಿ. ಸ್ಟಂಟ್ ಮಾಡುವವರು, ಡಬ್ಬಿಂಗ್ ಕಲಾವಿದರು, ಹಾಡುವವರು, ಕುಣಿಯುವವರು, ಬೊಂಬೆ ಆಡಿಸುವವರು, ಸುದ್ದಿ ಓದುವವರು ಎಲ್ಲರೂ ಇದರಲ್ಲಿದ್ದಾರೆ.

ಹೆಸರು ಎರಡು ತುಂಡಾಗಿರುವುದಕ್ಕೆ ಕಾರಣವಿದೆ. ಸ್ಯಾಗ್ ಅಂದರೆ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್, 1933ರಲ್ಲಿ ಸಿನಿಮಾ ನಟರು ಕಟ್ಟಿಕೊಂಡದ್ದು. ಇನ್ನೊಂದನ್ನು ರೇಡಿಯೋ ಕಲಾವಿದರು 1937ರಲ್ಲಿ ಕಟ್ಟಿದರು. ಟಿವಿ ಬಂದ ಮೇಲೆ, 1952ರಲ್ಲಿ, ಅದು ಟಿವಿಯವರನ್ನೂ ಸೇರಿಸಿಕೊಂಡು ಆಫ್ಟ್ರಾ ಆಯಿತು. ಇಬ್ಬರಿಗೂ ಒಂದೇ ಕಡೆ ಕೆಲಸ, ಆದರೆ ಬೇರೆ ಬೇರೆ ಒಪ್ಪಂದ. ಒಂದು ಸಂಘದ ಜೊತೆ ಮಾತು ಕೂಡದಿದ್ದರೆ ನಿರ್ಮಾಪಕರು ಇನ್ನೊಂದರ ಬಾಗಿಲು ತಟ್ಟಬಹುದಿತ್ತು. ವರ್ಷಗಟ್ಟಲೆ ಜಗಳ, ಮುನಿಸು ಎಲ್ಲ ಆಗಿ ಕೊನೆಗೆ 2012ರ ಮಾರ್ಚ್ 30ರಂದು ಎರಡೂ ಒಂದಾದವು.

ಕೋಟಿ ಕೋಟಿ ತೆಗೆದುಕೊಳ್ಳುವ ಸ್ಟಾರ್‌ಗಳಿಗೆ ಯೂನಿಯನ್ ಯಾಕೆ ಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸ್ಟಾರ್‌ಗೆ ಬೇಕಾಗಿಲ್ಲ, ಸರಿ. ಅವರ ಪರವಾಗಿ ಮಾತಾಡಲು ಏಜೆಂಟ್ ಇದ್ದಾರೆ, ವಕೀಲರಿದ್ದಾರೆ. ಕಾಫಿ ತಂದಿಟ್ಟು "ಮತ್ತೇನಾದರೂ ಬೇಕಾ ಸಾರ್?" ಅಂತ ಒಂದೇ ಮಾತು ಹೇಳಿ ಹೋಗುವ ಮಾಣಿಯ ಪಾತ್ರ ಇರುತ್ತದಲ್ಲ, ಅವನಿಗೆ ಬೇಕು. ಕೋರ್ಟ್ ಸೀನಿನಲ್ಲಿ ಹಿಂದೆ ಬೆಂಚಿನ ಮೇಲೆ ಕೂತ ನಲವತ್ತು ಜನರಿಗೆ ಬೇಕು.

ಒಂದು ಲೆಕ್ಕ ನೋಡಿ. 2023ರಲ್ಲಿ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ವರ್ಷಕ್ಕೆ 26,470 ಡಾಲರ್ ನಟನೆಯಿಂದಲೇ ದುಡಿದಿರಬೇಕಿತ್ತು. ಲಾಸ್ ಏಂಜಲೀಸ್‌ನಲ್ಲಿ ಆ ದುಡ್ಡಿನಲ್ಲಿ ಬಾಡಿಗೆ ಕಟ್ಟಿ ವರ್ಷ ತಳ್ಳುವುದೇ ಕಷ್ಟ. ಆದರೂ ಸದಸ್ಯರಲ್ಲಿ ಶೇ. 85ಕ್ಕಿಂತ ಜಾಸ್ತಿ ಜನ ಆ ಮೊತ್ತ ಮುಟ್ಟಿರಲಿಲ್ಲ. ಅಂದರೆ ಹಾಲಿವುಡ್ ನಟ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಬೇರೆ ಕಡೆ ಕೆಲಸ ಮಾಡುತ್ತಾ ಆಡಿಷನ್‌ಗೆ ಓಡಾಡುವವರು.

ಹಾಗಾದರೆ ಸ್ಟಾರ್‌ಗಳನ್ನು ಜೊತೆಗೆ ಇಟ್ಟುಕೊಂಡಿರುವುದೇಕೆ? ಮಾಣಿಯ ಪಾತ್ರದವನು ಒಬ್ಬನೇ ಮುಷ್ಕರ ಕೂತರೆ ಇನ್ನೊಬ್ಬ ಮಾಣಿ ಬರುತ್ತಾನೆ, ಅಷ್ಟೇ. ಹೀರೋ ಕೂಡ ಅವತ್ತು ಸೆಟ್ಟಿಗೆ ಬರದಿದ್ದರೆ ಲೈಟು ಆರಿಸಿ ಮನೆಗೆ ಹೋಗಬೇಕು. ಇಡೀ ಸಂಘದ ಶಕ್ತಿ ಇರುವುದು ಇಲ್ಲೇ. ದುಡ್ಡಿನ ಅಗತ್ಯ ಇಲ್ಲದವನು, ಅಗತ್ಯ ಇರುವವನ ಪರವಾಗಿ ಕೆಲಸ ನಿಲ್ಲಿಸುತ್ತಾನೆ. ನಮ್ಮ ಕಡೆ ಸಂಘಗಳ ಬಗ್ಗೆ ಮಾತಾಡುವಾಗ ನನಗೆ ಯಾವಾಗಲೂ ನೆನಪಾಗುವುದು ಇದೇ.

ಇದೆಲ್ಲ ಶುರುವಾಗಿದ್ದು ಹೇಗೆ?

ಸಂಬಳ ಕಡಿತದಿಂದ. 1933ರ ಮಾರ್ಚ್‌ನಲ್ಲಿ ಅಮೆರಿಕದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿಕೊಂಡವು. ಅದನ್ನೇ ನೆಪ ಮಾಡಿಕೊಂಡು ದೊಡ್ಡ ಸ್ಟುಡಿಯೋಗಳು ಎಂಟು ವಾರ ಅರ್ಧ ಸಂಬಳ ಅಂತ ಘೋಷಿಸಿದವು. ಅದಕ್ಕೆ ಮೊದಲೇ ಸಿಟ್ಟು ಹೊಗೆಯಾಡುತ್ತಿತ್ತು. ಕೆಲಸದ ಗಂಟೆಗೆ ಮಿತಿ ಇರಲಿಲ್ಲ, ಊಟಕ್ಕೆ ಹೊತ್ತು ಇರಲಿಲ್ಲ. ಫ್ರಾಂಕೆನ್‌ಸ್ಟೈನ್ ಚಿತ್ರದ ರಾಕ್ಷಸನ ಪಾತ್ರದಿಂದ ಹೆಸರಾದ ಬೋರಿಸ್ ಕಾರ್ಲಾಫ್ ಆ ಭಾರದ ಮೇಕಪ್ ಹೊತ್ತು ಒಂದೇ ಸಮನೆ 25 ಗಂಟೆ ಕೆಲಸ ಮಾಡಿದ್ದುಂಟು. ಸಂಘ ಕಟ್ಟಿದ ಮೊದಲಿಗರಲ್ಲಿ ಅವರೂ ಒಬ್ಬರು. ಮೊದಲ ಅಧ್ಯಕ್ಷ ರಾಲ್ಫ್ ಮಾರ್ಗನ್.

ಸಂಘ ಕಟ್ಟಿದ ಕೂಡಲೇ ಸ್ಟುಡಿಯೋಗಳು ಬಾಗಲಿಲ್ಲ. ನಾಲ್ಕು ವರ್ಷ ಕ್ಯಾರೇ ಅನ್ನಲಿಲ್ಲ. 1935ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು. ಹೆಚ್ಚಿನ ಕೆಲಸಗಾರರು ಒಂದು ಸಂಘವನ್ನು ಆರಿಸಿಕೊಂಡರೆ ಮಾಲೀಕ ಅದರ ಜೊತೆ ಕೂತು ಮಾತಾಡಲೇಬೇಕು ಅಂತ. 1937ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿ ಹಿಡಿಯಿತು. ಅದೇ ಹೊತ್ತಿಗೆ ನಟರು ಮುಷ್ಕರಕ್ಕೆ ಒಪ್ಪಿಗೆ ಕೊಟ್ಟರು, ದೊಡ್ಡ ಸ್ಟಾರ್‌ಗಳೂ ಕೈ ಎತ್ತಿದರು. ಮೇ ತಿಂಗಳಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಬಿತ್ತು. ದಿನಗೂಲಿ ನಟರಿಗೆ 25 ಡಾಲರ್, ಗುಂಪಿನಲ್ಲಿ ನಿಲ್ಲುವವರಿಗೆ ಐದೂವರೆ ಡಾಲರ್. ಕಾನೂನು ಇಲ್ಲದೆ ಬರೀ ಒಗ್ಗಟ್ಟಿನಿಂದ ಇದು ಆಗುತ್ತಿತ್ತಾ? ನನಗೆ ಅನುಮಾನ.

"ಸ್ಕೇಲ್" ಅಂದರೆ ಏನು? ದಿನಕ್ಕೆ ಎಷ್ಟು ಕೊಡುತ್ತಾರೆ?

ಸ್ಕೇಲ್ ಅಂದರೆ ಒಪ್ಪಂದದಲ್ಲಿ ಬರೆದಿರುವ ಕನಿಷ್ಠ ಸಂಭಾವನೆ. ಅದಕ್ಕಿಂತ ಜಾಸ್ತಿ ಕೇಳಬಹುದು. ಕಡಿಮೆ ಕೊಡುವ ಹಾಗಿಲ್ಲ, ನಟನೇ ಒಪ್ಪಿದರೂ ಇಲ್ಲ. ಈ ಕೊನೆಯ ಮಾತು ಮುಖ್ಯ. "ಅವಕಾಶ ಕೊಟ್ಟರೆ ಸಾಕು, ದುಡ್ಡು ಬೇಡ" ಅನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರನ್ನು ತೋರಿಸಿ ಉಳಿದವರ ರೇಟು ಇಳಿಸುವುದು ಹಳೆಯ ಆಟ.

ದೊಡ್ಡ ಬಜೆಟ್ಟಿನ ಸಿನಿಮಾ, ಟಿವಿಗೆ ಒಂದು ದಿನದ ಸ್ಕೇಲ್ 2023ರ ಮುಷ್ಕರಕ್ಕೆ ಮೊದಲು 1,082 ಡಾಲರ್ ಇತ್ತು. ಹೊಸ ಒಪ್ಪಂದದಲ್ಲಿ 1,158 ಆಯಿತು, 2024ರ ಜುಲೈನಲ್ಲಿ 1,204, ಮರುವರ್ಷ 1,246. ನಮ್ಮ ಕಡೆ ಜೂನಿಯರ್ ಆರ್ಟಿಸ್ಟ್ ಅನ್ನುತ್ತೇವಲ್ಲ, ಆ ಹಿನ್ನೆಲೆ ನಟರಿಗೆ 187 ಇದ್ದದ್ದು 208ಕ್ಕೆ ಏರಿತು. ಸಾವಿರ ಡಾಲರ್ ಕೇಳಿ ಬಾಯಿ ಬಿಡಬೇಡಿ. ವರ್ಷಕ್ಕೆ ಅಂಥ ದಿನ ಎಷ್ಟು ಸಿಗುತ್ತದೆ ಅನ್ನುವುದೇ ಪ್ರಶ್ನೆ. ಕೆಲವರಿಗೆ ಐದು, ಕೆಲವರಿಗೆ ಒಂದೂ ಇಲ್ಲ. ಇದರ ಮೇಲೆ ನಿರ್ಮಾಪಕರು ಸಂಬಳದ ಸುಮಾರು ಐದನೇ ಒಂದು ಭಾಗದಷ್ಟನ್ನು ಸಂಘದ ಪಿಂಚಣಿ ಮತ್ತು ವಿಮೆ ನಿಧಿಗೆ ಬೇರೆಯಾಗಿ ಕಟ್ಟಬೇಕು.

ಸೆಟ್ಟಿನಲ್ಲಿ ಏನೇನು ನಿಯಮ ಇದೆ?

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಗೆಳೆಯನ ಮಾತು ಕೇಳಿ ಒಂದು ಧಾರಾವಾಹಿಯ ಮದುವೆ ಸೀನಿಗೆ ಹೋಗಿ ಕೂತಿದ್ದೆ. ಬೆಳಿಗ್ಗೆ ಆರಕ್ಕೆ ಬನ್ನಿ ಅಂದಿದ್ದರು. ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಒಂದೇ ಹೋಳಿಗೆಯನ್ನು ಎರಡು ಗಂಟೆ ಮುರಿಯುವಂತೆ ನಟಿಸಿದೆ. ತಿನ್ನುವ ಹಾಗಿಲ್ಲ, ಕಂಟಿನ್ಯುಯಿಟಿ ಹಾಳಾಗುತ್ತದೆ. ನಿಜವಾದ ಊಟ ಬಂದಿದ್ದು ಮಧ್ಯಾಹ್ನ ಮೂರೂವರೆಗೆ. ಪ್ಯಾಕಪ್ ಆಗಿದ್ದು ರಾತ್ರಿ ಒಂಬತ್ತಕ್ಕೆ. ಪೇಮೆಂಟು ಕೋ-ಆರ್ಡಿನೇಟರ್ ಕೈಯಿಂದ ಎರಡು ತಿಂಗಳ ಮೇಲೆ ಬಂತು, ಅವರ ಕಮಿಷನ್ ಹಿಡಿದುಕೊಂಡು. ಎಷ್ಟು ಹಿಡಿದಿರಿ ಅಂತ ಕೇಳಿದ್ದಕ್ಕೆ, "ಮುಂದಿನ ಸಲ ಕರೀಬೇಕಾ ಬೇಡ್ವಾ?" ಅಂದರು.

ಅದೇ ದಿನ ಸ್ಯಾಗ್-ಆಫ್ಟ್ರಾ ಸೆಟ್ಟಿನಲ್ಲಿ ಕಳೆದಿದ್ದರೆ? ಬಂದ ಹೊತ್ತಿನಿಂದ ಆರು ಗಂಟೆಯೊಳಗೆ ಊಟಕ್ಕೆ ಬಿಡಬೇಕು. ಬಿಡದಿದ್ದರೆ ನಿರ್ಮಾಪಕರಿಗೆ ದಂಡ. ಅದು ಪಾತ್ರ ಮಾಡುವ ನಟರಿಗೆ ಮೊದಲ ಅರ್ಧ ಗಂಟೆಗೆ 25 ಡಾಲರ್‌ನಿಂದ ಶುರುವಾಗಿ ಏರುತ್ತಾ ಹೋಗುತ್ತದೆ, ನೇರ ನಟರ ಕೈಗೇ ಬರುತ್ತದೆ. ದಿನಗೂಲಿ ನಟರಿಗೆ ಎಂಟು ಗಂಟೆ ದಾಟಿದರೆ ಒಂದೂವರೆ ಪಟ್ಟು, ಹತ್ತು ದಾಟಿದರೆ ಎರಡು ಪಟ್ಟು. ಇವತ್ತು ಬಿಟ್ಟ ಹೊತ್ತಿನಿಂದ ನಾಳೆ ಕರೆಯುವ ಹೊತ್ತಿಗೆ ಸಾಮಾನ್ಯವಾಗಿ 12 ಗಂಟೆ ಬಿಡುವು ಇರಬೇಕು. ಜೂನಿಯರ್ ಆರ್ಟಿಸ್ಟ್‌ಗಳಿಗೂ ಮಳೆಯಲ್ಲಿ ನೆನೆಯುವ ಸೀನು, ಹೊಗೆಯಲ್ಲಿ ನಿಲ್ಲುವ ಸೀನು ಇದ್ದರೆ ಮೇಲೆ ಒಂದಿಷ್ಟು ಸೇರುತ್ತದೆ. ಬಂದ ಸಮಯ, ಹೋದ ಸಮಯ ಎಲ್ಲವೂ ವೋಚರ್ ಮೇಲೆ ಬರೆದು ಸಹಿ ಆಗುತ್ತದೆ.

ಓದಲು ಸಣ್ಣಪುಟ್ಟ ವಿಷಯ ಅನ್ನಿಸಬಹುದು. ಮೂರೂವರೆವರೆಗೆ ಹೋಳಿಗೆ ನೋಡುತ್ತಾ ಕೂತವನಿಗೆ ಹಾಗೆ ಅನ್ನಿಸುವುದಿಲ್ಲ.

ರೆಸಿಡ್ಯುಯಲ್ ಅಂದರೆ ರಾಯಲ್ಟಿಯಾ?

ಹತ್ತಿರದ ಸಂಬಂಧಿ ಅನ್ನಬಹುದು. ಒಂದು ಸಿನಿಮಾ ಟಿವಿಗೆ ಬಂದರೆ, ಒಂದು ಸೀರಿಯಲ್ ಮರುಪ್ರಸಾರ ಆದರೆ, ಡಿವಿಡಿ ಬಂದರೆ, ಬೇರೆ ಕಡೆ ಮಾರಿದರೆ, ಅದರಲ್ಲಿ ಪಾತ್ರ ಮಾಡಿದ ನಟರಿಗೆ ಪ್ರತಿ ಸಲ ಒಂದಿಷ್ಟು ಪಾಲು. ಎಷ್ಟು ಅನ್ನುವ ಸೂತ್ರ ಒಪ್ಪಂದದಲ್ಲೇ ಇರುತ್ತದೆ. ಕೆಲಸ ಇಲ್ಲದ ತಿಂಗಳುಗಳಲ್ಲಿ ನಟನ ಒಲೆ ಉರಿಯುವುದು ಇದರಿಂದ. ಒಂದು ಮಾತಿನ ಪಾತ್ರ ಮಾಡಿದವನಿಗೂ ಬರುತ್ತದೆ. ಜೂನಿಯರ್ ಆರ್ಟಿಸ್ಟ್‌ಗಳಿಗೆ ಮಾತ್ರ ಇಲ್ಲ.

ಇದು ಬಂದದ್ದು ಮುಷ್ಕರದಿಂದ. 1950ರ ದಶಕದಲ್ಲಿ ಸ್ಟುಡಿಯೋಗಳು ಹಳೆಯ ಸಿನಿಮಾಗಳನ್ನು ಟಿವಿಗೆ ಮಾರಿ ದುಡ್ಡು ಎಣಿಸುತ್ತಿದ್ದವು, ನಟರಿಗೆ ಬಿಡಿಗಾಸೂ ಇರಲಿಲ್ಲ. 1960ರ ಮಾರ್ಚ್ 7ರಂದು ನಟರು ಕೆಲಸ ನಿಲ್ಲಿಸಿದರು. ಬರಹಗಾರರು ಅದಾಗಲೇ ಮುಷ್ಕರದಲ್ಲಿದ್ದರು. ನಟರ ಸಂಘದ ಅಧ್ಯಕ್ಷ ಯಾರು ಗೊತ್ತಾ? ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷರಾಗಿ 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರಲ್ಲ, ಅವರೇ. ಆರು ವಾರದ ಮೇಲೆ ರಾಜಿ ಆಯಿತು. 1960ರಿಂದ ಮುಂದಿನ ಸಿನಿಮಾಗಳಿಗೆ ಟಿವಿಯ ಪಾಲು ಸಿಕ್ಕಿತು. ಹಿಂದಿನವನ್ನು ಬಿಟ್ಟುಕೊಟ್ಟರು. ಬದಲಿಗೆ ಪಿಂಚಣಿ, ವಿಮೆ ನಿಧಿ ಶುರು ಮಾಡಲು ಸ್ಟುಡಿಯೋಗಳು 22.5 ಲಕ್ಷ ಡಾಲರ್ ಕೊಟ್ಟವು. ತಮ್ಮ ಹಳೆಯ ಸಿನಿಮಾಗಳನ್ನು ಟಿವಿಯಲ್ಲಿ ಸುಮ್ನೆ ನೋಡುತ್ತಾ ಕೂರಬೇಕಾದ ಹಿರಿಯ ನಟರಿಗೆ ಈ ರಾಜಿಯ ಮೇಲಿನ ಸಿಟ್ಟು ಆರಲೇ ಇಲ್ಲ.

ಆಮೇಲೆ ಕೇಬಲ್ ಮತ್ತು ವಿಡಿಯೋ ಕ್ಯಾಸೆಟ್ ಬಂತು, 1980ರಲ್ಲಿ ಮೂರು ತಿಂಗಳ ಮುಷ್ಕರ. ಆ ವರ್ಷದ ಎಮ್ಮಿ ಪ್ರಶಸ್ತಿ ಸಮಾರಂಭಕ್ಕೆ ಗೆದ್ದ ನಟರಲ್ಲಿ ಪವರ್ಸ್ ಬೂತ್ ಒಬ್ಬರೇ ಬಂದಿದ್ದರು. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಹೊಸ ಜಗಳ. ಸ್ಟ್ರೀಮಿಂಗ್‌ನದ್ದೂ ಅದೇ ಕಥೆ.

ಸದಸ್ಯ ಆಗುವುದು ಹೇಗೆ? ದುಡ್ಡು ಕಟ್ಟಿದರೆ ಸಾಕಾ?

ಸಾಲದು. ಮೊದಲು ಅರ್ಹತೆ ಬೇಕು. ಸಂಘದ ಒಪ್ಪಂದ ಇರುವ ಪ್ರಾಜೆಕ್ಟಿನಲ್ಲಿ ಒಂದು ದಿನ ಮಾತಿರುವ ಪಾತ್ರ ಮಾಡಿರಬೇಕು. ಇಲ್ಲವೇ ಮೂರು ದಿನ ಸಂಘದ ದರದಲ್ಲಿ ಹಿನ್ನೆಲೆ ನಟನಾಗಿ ನಿಂತಿರಬೇಕು. ರಂಗಭೂಮಿಯಂಥ ಸೋದರ ಸಂಘಗಳಲ್ಲಿ ವರ್ಷದಿಂದ ಇದ್ದು ಪಾತ್ರ ಮಾಡಿದವರಿಗೂ ದಾರಿಯಿದೆ.

ಕೆಲಸ ಇಲ್ಲದೆ ಸಂಘ ಸೇರಿಸಿಕೊಳ್ಳುವುದಿಲ್ಲ, ಸಂಘದಲ್ಲಿ ಇಲ್ಲದವರಿಗೆ ಕೆಲಸ ಸಿಗುವುದು ಕಷ್ಟ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅನ್ನುವ ಹಾಗೆ. ಹೊರಬರಲು ಒಂದು ಕಿಂಡಿ ಇದೆ. 1947ರ ಟಾಫ್ಟ್-ಹಾರ್ಟ್ಲಿ ಕಾನೂನಿನ ಪ್ರಕಾರ ಸದಸ್ಯರಲ್ಲದವರನ್ನೂ ನಿರ್ಮಾಪಕರು ತೆಗೆದುಕೊಳ್ಳಬಹುದು, ಯಾಕೆ ಬೇಕಾದರು ಅಂತ ಕಾರಣ ಬರೆದುಕೊಡಬೇಕು. ಹಾಗೆ ಬಂದವರು 30 ದಿನ ಸಂಘ ಸೇರದೆ ಕೆಲಸ ಮಾಡಬಹುದು. ಅದಾದ ಮೇಲೆ ಸಂಘದ ಕೆಲಸ ಬೇಕಿದ್ದರೆ ಸೇರಬೇಕು.

ಪ್ರವೇಶ ಶುಲ್ಕ 3,000 ಡಾಲರ್. ವರ್ಷದ ಚಂದಾ ಬೇರೆ, ದುಡಿದದ್ದರಲ್ಲಿ ಶೇ. 1.575 ಬೇರೆ. ಇಷ್ಟು ದುಡ್ಡು ಹೊಂದಿಸಲಾರದೆ ಸೇರುವುದನ್ನು ಮುಂದೂಡುವವರೂ ಇದ್ದಾರೆ, ಅದು ತಪ್ಪೇನಲ್ಲ.

ಬೆಂಗಳೂರಿನಲ್ಲಿ ಕೂತು ಸೇರಬಹುದಾ?

ಇಲ್ಲ. ಅವರ ಒಪ್ಪಂದದ ಕೆಲಸ ಮಾಡದೆ ಸಾಧ್ಯವಿಲ್ಲ. ಆದರೆ ನಮ್ಮವರಿಗೆ ಈ ಸಂಘದ ಹೆಸರು ಇನ್ನೊಂದು ಕಡೆ ಎದುರಾಗುತ್ತದೆ. ಅಮೆರಿಕದಲ್ಲಿ ನಟಿಸಲು ಓ-1 ವೀಸಾಕ್ಕೆ ಅರ್ಜಿ ಹಾಕುವಾಗ ಅಲ್ಲಿನ ಕಾರ್ಮಿಕ ಸಂಘದ ಅಭಿಪ್ರಾಯ ಪತ್ರ ಕೇಳುತ್ತಾರೆ. ನಟರ ಮಟ್ಟಿಗೆ ಆ ಪತ್ರ ಕೊಡುವವರು ಇವರೇ.

ಸೇರಿದ ಮೇಲೆ ಗೆಳೆಯರ ಸಣ್ಣ ಸಿನಿಮಾದಲ್ಲಿ ಸುಮ್ಮನೆ ನಟಿಸಬಹುದಾ?

ಸಂಘದ ಮೊದಲ ನಿಯಮವೇ ಇದು: ಒಪ್ಪಂದ ಇಲ್ಲದ ಕಡೆ ಸದಸ್ಯರು ಕೆಲಸ ಮಾಡುವ ಹಾಗಿಲ್ಲ, ಜಗತ್ತಿನ ಯಾವ ಮೂಲೆಯಲ್ಲೂ. ಗೆಳೆಯರ ಸಿನಿಮಾಕ್ಕೆ ದಾರಿ ಇಲ್ಲ ಅಂತಲ್ಲ. ವಿದ್ಯಾರ್ಥಿ ಚಿತ್ರ, ಕಿರುಚಿತ್ರ, ಕಡಿಮೆ ಬಜೆಟ್ಟಿನ ಚಿತ್ರಗಳಿಗೆ ಬೇರೆ ಬೇರೆ ಒಪ್ಪಂದಗಳಿವೆ. ನಿರ್ಮಾಪಕರು ಅದಕ್ಕೆ ಸಹಿ ಹಾಕಬೇಕು.

ಕೆಲವರು "ಫೈ-ಕೋರ್" ಆಗುತ್ತಾರೆ. ಸದಸ್ಯತ್ವ ಬಿಟ್ಟು, ಒಪ್ಪಂದ ನಡೆಸುವ ಖರ್ಚಿನ ಪಾಲು ಮಾತ್ರ ಕಟ್ಟಿ, ಎರಡೂ ಕಡೆ ಕೆಲಸ ಮಾಡುವುದು. ಅಮೆರಿಕದ ಕೋರ್ಟುಗಳು ಒಪ್ಪಿರುವ ಹಕ್ಕು ಅದು. ಸಂಘದ ಕಣ್ಣಿಗೆ ಮಾತ್ರ ಅವರು ಪಂಕ್ತಿ ಬಿಟ್ಟು ಎದ್ದುಹೋದವರು. ಮತ ಹಾಕುವ ಹಾಗಿಲ್ಲ, ಸದಸ್ಯ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಒಂದೇ ಹೆಸರಿನ ಇಬ್ಬರು ಇರುವ ಹಾಗಿಲ್ಲವಂತೆ, ನಿಜವಾ?

ನಿಜ. ಮೈಕಲ್ ಕೀಟನ್ ಅವರ ಹುಟ್ಟಿನ ಹೆಸರು ಮೈಕಲ್ ಡಗ್ಲಸ್. ಆ ಹೆಸರಿನವರು ಆಗಲೇ ಇದ್ದರು, ಬದಲಾಯಿಸಿಕೊಳ್ಳಬೇಕಾಯಿತು. ಎಮ್ಮಾ ಸ್ಟೋನ್ ಅವರದ್ದೂ ಅದೇ ಕಥೆ, ಹುಟ್ಟಿನ ಹೆಸರು ಎಮಿಲಿ. ನಮ್ಮಲ್ಲಿ ಈ ನಿಯಮ ಇದ್ದಿದ್ದರೆ ಮಂಜುನಾಥರು, ರವಿಗಳು ಏನು ಮಾಡುತ್ತಿದ್ದರೋ.

2023ರ ಮುಷ್ಕರದಲ್ಲಿ ನಿಜವಾಗಿ ಆಗಿದ್ದೇನು?

ಎದುರಿಗೆ ಕೂತದ್ದು ಎ.ಎಂ.ಪಿ.ಟಿ.ಪಿ. ಅನ್ನುವ ನಿರ್ಮಾಪಕರ ಒಕ್ಕೂಟ. ಡಿಸ್ನಿ, ವಾರ್ನರ್, ಪ್ಯಾರಮೌಂಟ್, ಸೋನಿಯ ಜೊತೆಗೆ ನೆಟ್‌ಫ್ಲಿಕ್ಸ್, ಅಮೆಜಾನ್, ಆಪಲ್ ಕೂಡ ಅದರಲ್ಲಿದ್ದವು. ಬರಹಗಾರರು ಮೇ 2ರಿಂದಲೇ ಬೀದಿಯಲ್ಲಿದ್ದರು. ಮುಷ್ಕರಕ್ಕೆ ಅಧಿಕಾರ ಕೊಡುವ ಮತದಾನದಲ್ಲಿ ಮತ ಹಾಕಿದ ನಟರಲ್ಲಿ ಶೇ. 97.91 ಜನ ಹೂಂ ಅಂದಿದ್ದರು. ಜುಲೈ 13ರಂದು ಲಂಡನ್ನಿನಲ್ಲಿ ಆಪನ್‌ಹೈಮರ್ ಪ್ರೀಮಿಯರ್ ಇತ್ತು. ಮುಷ್ಕರದ ಸುದ್ದಿ ಬಂದು ನಟರು ಸಿನಿಮಾ ಶುರುವಾಗುವ ಮೊದಲೇ ಎದ್ದು ಹೋದರು. ಮುಷ್ಕರದಲ್ಲಿ ಪ್ರಚಾರವೂ ನಿಷಿದ್ಧ. ಜುಲೈ 14ರಿಂದ ನವೆಂಬರ್ 9ರವರೆಗೆ, 118 ದಿನ. ನಟರು, ಬರಹಗಾರರು ಒಟ್ಟಿಗೆ ಮುಷ್ಕರದಲ್ಲಿದ್ದದ್ದು 1960ರ ನಂತರ ಇದೇ ಮೊದಲು.

ಮೂಲ ತಕರಾರು ಸ್ಟ್ರೀಮಿಂಗ್. ಟಿವಿ ಕಾಲದಲ್ಲಿ ಒಂದು ಸೀರಿಯಲ್ ಎಷ್ಟು ಸಲ ಮರುಪ್ರಸಾರ ಆಯಿತು ಅಂತ ಎಣಿಸಬಹುದಿತ್ತು, ಅದರ ಮೇಲೆ ಪಾಲು. ಸ್ಟ್ರೀಮಿಂಗ್‌ನಲ್ಲಿ ಮರುಪ್ರಸಾರ ಅನ್ನುವುದೇ ಇಲ್ಲ. ಎಷ್ಟು ಜನ ನೋಡಿದರು ಅಂತ ಕಂಪನಿಗಳು ಆಗ ಹೆಚ್ಚಾಗಿ ಹೇಳುತ್ತಲೂ ಇರಲಿಲ್ಲ. ಎಲ್ಲರೂ ನೋಡಿ ಮೆಚ್ಚಿದ ಸರಣಿಯ ನಟರು ಕೆಲವು ಸೆಂಟ್‌ಗಳ ಚೆಕ್‌ನ ಫೋಟೋ ಹಾಕಿ ತೋರಿಸಿದರು. ಅಂಚೆ ಚೀಟಿಗೂ ಸಾಲದ ಚೆಕ್ ಅದು.

ಸಿಕ್ಕಿದ್ದೇನು? ಕನಿಷ್ಠ ಸಂಭಾವನೆ ಮೊದಲಿಗೆ ಶೇ. 7ರಷ್ಟು ಏರಿತು, ಹಿನ್ನೆಲೆ ನಟರಿಗೆ ಶೇ. 11. ಒಂದು ಸರಣಿ ಬಂದ ಮೊದಲ 90 ದಿನದಲ್ಲಿ ದೇಶದೊಳಗಿನ ಚಂದಾದಾರರ ಶೇ. 20ಕ್ಕೆ ಸಮನಾದಷ್ಟು ನೋಟ ಪಡೆದರೆ ನಟರಿಗೆ ಬೋನಸ್. ಅದರ ಮುಕ್ಕಾಲು ಭಾಗ ಆ ನಟರಿಗೆ, ಕಾಲು ಭಾಗ ಒಂದು ನಿಧಿಗೆ ಹೋಗಿ ಬೇರೆ ಸ್ಟ್ರೀಮಿಂಗ್ ನಟರಿಗೂ ಹಂಚಿಕೆ. ಸಂಘ ಕೇಳಿದ್ದು ಕಂಪನಿಗಳ ಸ್ಟ್ರೀಮಿಂಗ್ ಆದಾಯದಲ್ಲೇ ಪಾಲು. ಅದು ಸಿಗಲಿಲ್ಲ. ಡಿಸೆಂಬರ್ 5ರಂದು ಒಪ್ಪಂದಕ್ಕೆ ಶೇ. 78.33 ಒಪ್ಪಿಗೆ ಬಂತು, ಮತ ಹಾಕಿದವರೇ ಶೇ. 38ರಷ್ಟು ಮಾತ್ರ. ಆಗಿನ ಅಧ್ಯಕ್ಷೆ ಫ್ರಾನ್ ಡ್ರೆಷರ್ ಇದನ್ನು ದೊಡ್ಡ ಗೆಲುವು ಅಂದರು. ಗೆಲುವು ಹೌದು. ದೊಡ್ಡದು ಅನ್ನುವುದಕ್ಕೆ ನನಗೆ ಸ್ವಲ್ಪ ಹಿಂಜರಿಕೆ.

ಆಗ ಅಲ್ಲಿನ ಸೀರಿಯಲ್‌ಗಳೂ ನಿಂತವಾ?

ಇಲ್ಲ. ದಿನವೂ ಬರುವ ಧಾರಾವಾಹಿ, ಟಾಕ್ ಶೋ, ರಿಯಾಲಿಟಿ ಶೋಗಳಿಗೆ ಬೇರೆಯದೇ ಒಪ್ಪಂದ ಇದೆ. ಅದರ ಅವಧಿ ಮುಗಿದಿರಲಿಲ್ಲ, ಹಾಗಾಗಿ ನಟರು ಕೆಲಸಕ್ಕೆ ಹೋದರು. ಚಾಲ್ತಿಯಲ್ಲಿರುವ ಒಪ್ಪಂದ ಮುರಿಯುವುದು ಸಂಘಕ್ಕೂ ತಪ್ಪು. ದೊಡ್ಡ ಸ್ಟುಡಿಯೋಗಳಿಗೆ ಸೇರದ ಕೆಲವು ಸ್ವತಂತ್ರ ನಿರ್ಮಾಪಕರು ಸಂಘದ ಬೇಡಿಕೆ ಒಪ್ಪಿ ಮಧ್ಯಂತರ ಒಪ್ಪಂದಕ್ಕೆ ಸಹಿ ಹಾಕಿದರು, ಅಲ್ಲೂ ಶೂಟಿಂಗ್ ನಡೆಯಿತು.

ಎಐ ವಿಷಯದಲ್ಲಿ ಏನು ಒಪ್ಪಿಕೊಂಡಿದ್ದಾರೆ?

ಎಲ್ಲರಿಗಿಂತ ಜಾಸ್ತಿ ಹೆದರಿದವರು ಜೂನಿಯರ್ ಆರ್ಟಿಸ್ಟ್‌ಗಳು. ಒಂದು ದಿನ ಕರೆದು, ಸುತ್ತಲೂ ಕ್ಯಾಮೆರಾ ಇಟ್ಟು ಮೈ ಮುಖ ಸ್ಕ್ಯಾನ್ ಮಾಡಿ, ಆಮೇಲೆ ಅದೇ ಗೊಂಬೆಯನ್ನು ನೂರು ಸಿನಿಮಾದ ಜಾತ್ರೆಯಲ್ಲಿ ನಿಲ್ಲಿಸಿದರೆ? ಒಂದು ದಿನದ ಕೂಲಿಗೆ ಇಡೀ ಜನ್ಮದ ಮುಖ ಕೊಟ್ಟ ಹಾಗಾಗುತ್ತದೆ.

2023ರ ಒಪ್ಪಂದದ ಪ್ರಕಾರ ನಟನ ಡಿಜಿಟಲ್ ಪ್ರತಿರೂಪ ಮಾಡಲು ಒಪ್ಪಿಗೆ ಬೇಕು. ಬರೀ "ಒಪ್ಪಿದ್ದೇನೆ" ಸಾಲದು, ಯಾವುದಕ್ಕೆ ಬಳಸುತ್ತೀರಿ ಅನ್ನುವ ವಿವರಣೆ ಇರಬೇಕು. ಅದೇ ಸಿನಿಮಾದಲ್ಲಿ ಪ್ರತಿರೂಪದ ಕೈಲಿ ಮಾಡಿಸಿದ ಸೀನನ್ನು ನಟನೇ ಬಂದು ಮಾಡಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ ಅಷ್ಟು ದಿನದ ದುಡ್ಡು. ನಟ ತೀರಿಕೊಂಡ ಮೇಲೂ ಒಪ್ಪಿಗೆ ಬೇಕು.

ವಿಡಿಯೋ ಗೇಮ್‌ನವರ ಜೊತೆ ಇದೇ ವಿಷಯಕ್ಕೆ 2024ರ ಜುಲೈ 26ರಿಂದ ಇನ್ನೊಂದು ಮುಷ್ಕರ ನಡೆದು, 2025ರ ಜುಲೈನಲ್ಲಿ ಹೊಸ ಒಪ್ಪಂದಕ್ಕೆ ಶೇ. 95 ಒಪ್ಪಿಗೆ ಬಿತ್ತು. ಗೇಮ್ ಕಲಾವಿದರ ದನಿಯಷ್ಟೇ ಅಲ್ಲ, ಅವರ ನಡಿಗೆ, ಬೀಳುವಿಕೆ, ಕತ್ತಿ ಬೀಸುವ ಕೈ ಎಲ್ಲವನ್ನೂ ಹಿಡಿದಿಡುತ್ತಾರೆ. ಅದೆಲ್ಲ ನಟನೆಯೇ ಅಲ್ವಾ?

ಯಾವ ಒಬ್ಬ ನಟನನ್ನೂ ಹೋಲದ, ಪೂರ್ತಿ ಕಂಪ್ಯೂಟರ್ ಹುಟ್ಟಿಸಿದ ಪಾತ್ರಗಳ ವಿಷಯದಲ್ಲಿ 2023ರ ಒಪ್ಪಂದ ತೆಳು. 2025ರಲ್ಲಿ ಟಿಲ್ಲಿ ನಾರ್ವುಡ್ ಅನ್ನುವ ಎಐ "ನಟಿ"ಗೆ ಏಜೆಂಟ್ ಹುಡುಕುತ್ತಿದ್ದಾರೆ ಅನ್ನುವ ಸುದ್ದಿ ಬಂದಾಗ ಸಂಘ ಕಿಡಿಕಾರಿತು. ಕಿಡಿಕಾರಬಹುದು. ಆ ಗೊಂಬೆಯ ಜೊತೆ ಒಪ್ಪಂದಕ್ಕೆ ಕೂರಲು ಮಾತ್ರ ಆಗುವುದಿಲ್ಲ.

ಸಂಘ ತಪ್ಪೇ ಮಾಡಿಲ್ಲವಾ?

ಮಾಡಿದೆ, ಸಣ್ಣವೂ ಅಲ್ಲ. ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ ಸ್ಟುಡಿಯೋಗಳು ಹೆಸರು ಪಟ್ಟಿ ಮಾಡಿ ನಟರನ್ನು ಹೊರಗಿಟ್ಟಾಗ ಸಂಘ ಅವರ ಬೆನ್ನಿಗೆ ನಿಲ್ಲಲಿಲ್ಲ. 1953ರಲ್ಲಿ ಹೊಸ ಸದಸ್ಯರು ತಾವು ಕಮ್ಯುನಿಸ್ಟರಲ್ಲ ಅಂತ ಪ್ರಮಾಣ ಮಾಡಬೇಕು ಅಂತ ನಿಯಮ ತಂದಿತು. ಅದು ಪೂರ್ತಿ ಹೋದದ್ದು 1974ರಲ್ಲಿ. ತನ್ನವರಿಗೆ ಕಷ್ಟ ಬಂದಾಗಲೇ ಬಾಗಿಲು ಹಾಕಿಕೊಂಡ ಸಂಘವದು.

1952ರಲ್ಲಿ ಇನ್ನೊಂದು. ನಟರ ಏಜೆಂಟರು ನಿರ್ಮಾಪಕರಾಗುವ ಹಾಗಿಲ್ಲ ಅನ್ನುವ ನಿಯಮ ಇತ್ತು. ಕೆಲಸ ಕೊಡಿಸುವವನೇ ಕೊಡುವವನೂ ಆದರೆ ನಟನ ಪರ ಮಾತಾಡುವವರು ಯಾರು? ಎಂ.ಸಿ.ಎ. ಅನ್ನುವ ದೊಡ್ಡ ಏಜೆನ್ಸಿಗೆ ಸಂಘ ವಿನಾಯಿತಿ ಕೊಟ್ಟಿತು. ಆಗಿನ ಅಧ್ಯಕ್ಷ ರೇಗನ್ ಆ ಏಜೆನ್ಸಿಯ ಗಿರಾಕಿಯೇ ಆಗಿದ್ದರು. ಹತ್ತು ವರ್ಷದ ಮೇಲೆ ಕೇಂದ್ರ ಸರ್ಕಾರ ವಿಚಾರಣೆ ನಡೆಸಿ, ಎಂ.ಸಿ.ಎ. ಏಜೆನ್ಸಿ ವ್ಯವಹಾರ ಬಿಡಬೇಕಾಯಿತು.

ನಮ್ಮಲ್ಲಿ ಇಂಥದ್ದು ಇಲ್ಲವಾ?

ಸಂಘಗಳಿಗೆ ಬರವಿಲ್ಲ. ಮುಂಬೈಯಲ್ಲಿ ಸಿಂಟಾ, ಚೆನ್ನೈಯಲ್ಲಿ ನಡಿಗರ್ ಸಂಗಂ, ಹೈದರಾಬಾದಿನಲ್ಲಿ ಮಾ, ಕೇರಳದಲ್ಲಿ ಅಮ್ಮ, ಬೆಂಗಳೂರಿನಲ್ಲಿ ಕನ್ನಡ ಚಲನಚಿತ್ರ ಕಲಾವಿದರ ಸಂಘ. ನಮ್ಮ ಸಂಘಕ್ಕೆ ಅಂಬರೀಶ್ ಅಧ್ಯಕ್ಷರಾಗಿದ್ದರು, ಚಾಮರಾಜಪೇಟೆಯಲ್ಲಿ ಕಟ್ಟಡವೂ ಆಯಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ 1944ರಿಂದ ಇದೆ, ಆದರೆ ಅದು ನಿರ್ಮಾಪಕ, ವಿತರಕ, ಪ್ರದರ್ಶಕರ ಸಂಸ್ಥೆ. ನಟರ ಜಗಳವೂ ಅಲ್ಲಿಗೇ ಹೋಗುವುದು ವಿಚಿತ್ರ ಅಂತ ನನಗೆ ಮೊದಲಿನಿಂದ ಅನ್ನಿಸಿದೆ. ಮಾಲೀಕರ ಮನೆಯ ಜಗಲಿಯಲ್ಲೇ ಪಂಚಾಯಿತಿ.

ಕಷ್ಟದಲ್ಲಿರುವ ಹಿರಿಯರಿಗೆ ನೆರವು, ಮನಸ್ತಾಪ ಬಂದಾಗ ರಾಜಿ, ಇವನ್ನು ನಮ್ಮ ಸಂಘಗಳು ಮಾಡುತ್ತವೆ. ಇಡೀ ಉದ್ಯಮದ ಜೊತೆ ಒಂದೇ ಒಪ್ಪಂದ ಬರೆದು, ಸ್ಟಾರ್‌ಗೂ ಜೂನಿಯರ್‌ಗೂ ಒಂದೇ ಕನಿಷ್ಠ ನಿಯಮ, ಮುರಿದರೆ ದಂಡ ಅನ್ನುವ ವ್ಯವಸ್ಥೆ ಬರಲಿಲ್ಲ. ಕಾರಣ ಅರ್ಧ ಕಾನೂನಿನಲ್ಲಿತ್ತು. ನಮ್ಮ 1926ರ ಟ್ರೇಡ್ ಯೂನಿಯನ್ ಕಾಯ್ದೆ ಸಂಘವನ್ನು ನೋಂದಾಯಿಸಿಕೊಟ್ಟಿತು, ಮಾಲೀಕ ಕೂತು ಮಾತಾಡಲೇಬೇಕು ಅಂತ ಹೇಳಲಿಲ್ಲ. ಇನ್ನರ್ಧ ನಮ್ಮಲ್ಲೇ ಇದೆ. ಇಲ್ಲಿ ದೊಡ್ಡ ನಟರಲ್ಲಿ ಹಲವರು ತಾವೇ ನಿರ್ಮಾಪಕರು. ಸಂಘದ ಕುರ್ಚಿಯಲ್ಲಿ ಕೂತವರು ಮೇಜಿನ ಎರಡೂ ಕಡೆ ಇದ್ದರೆ ಮಾಣಿಯ ಪಾತ್ರದವನ ಊಟದ ಹೊತ್ತಿನ ಬಗ್ಗೆ ಯಾರು ಯಾರ ಜೊತೆ ಜಗಳವಾಡಬೇಕು?

ಕೇರಳದಲ್ಲಿ ಇದು ಬಹಳ ಕೆಟ್ಟದಾಗಿ ಹೊರಬಿತ್ತು. 2024ರ ಆಗಸ್ಟ್‌ನಲ್ಲಿ, ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿ ನೋಡಲು ಸರ್ಕಾರ ನೇಮಿಸಿದ್ದ ಹೇಮಾ ಸಮಿತಿಯ ವರದಿ ಪ್ರಕಟವಾಗಿ, ನಟಿಯರ ಮೇಲಿನ ದೌರ್ಜನ್ಯದ ಆರೋಪಗಳು ಬಂದ ಮೇಲೆ ಅಮ್ಮದ ಕಾರ್ಯಕಾರಿ ಸಮಿತಿ ಇಡಿಯಾಗಿ ರಾಜೀನಾಮೆ ಕೊಟ್ಟಿತು. ಮರುವರ್ಷ ಶ್ವೇತಾ ಮೆನನ್ ಅದರ ಮೊದಲ ಮಹಿಳಾ ಅಧ್ಯಕ್ಷೆ ಆದರು.

ಒಗ್ಗಟ್ಟು ಬೇರೆ ದಿಕ್ಕಿಗೆ ಹೋದದ್ದೂ ಇದೆ. ಡಬ್ಬಿಂಗ್ ತಡೆಯಲು ನಮ್ಮ ಉದ್ಯಮ ಒಂದಾದಾಗ 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಯೂ ಸೇರಿದಂತೆ ಇಲ್ಲಿನ ಸಂಸ್ಥೆಗಳಿಗೆ ದಂಡ ಹಾಕಿತು. ಬಂಗಾಳದಲ್ಲಿ ಡಬ್ ಆದ ಮಹಾಭಾರತ ಧಾರಾವಾಹಿಯನ್ನು ಅಲ್ಲಿನ ಕಲಾವಿದರ ಸಮಿತಿ ವಿರೋಧಿಸಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಪೈಪೋಟಿ ತಡೆಯುವ ಇಂಥ ಕೆಲಸಕ್ಕೆ ಇಳಿದರೆ ಕಲಾವಿದರ ಸಂಘಟನೆಯೂ ಸ್ಪರ್ಧಾ ಕಾಯ್ದೆಯಡಿ ಬರುತ್ತದೆ ಅಂತ 2017ರಲ್ಲಿ ತೀರ್ಪು ಬಂತು. ಸಂಬಳ, ಸಮಯ, ಊಟಕ್ಕಾಗಿ ಒಂದಾಗುವುದು ಬೇರೆ, ನೋಡುಗರ ಬಾಗಿಲು ಮುಚ್ಚಲು ಒಂದಾಗುವುದು ಬೇರೆ. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.

ಸರ್ಕಾರದ ಕಡೆಯಿಂದ ಒಂದು ಹೊಸ ಹೆಜ್ಜೆ: ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕರ್ನಾಟಕ 2024ರಲ್ಲಿ ಕಾಯ್ದೆ ತಂದಿದೆ. ಸಿನಿಮಾ ಟಿಕೆಟ್, ಒಟಿಟಿ ಚಂದಾದ ಮೇಲೆ ಶೇ. 2ರವರೆಗೆ ಸೆಸ್ ಹಾಕಿ ನಿಧಿ ಮಾಡುವ ಯೋಜನೆ ಅದು. ನಿಧಿ ಬೇಕು, ಆದರೆ ಅದು ಸಂಭಾವನೆಯ ಒಪ್ಪಂದದ ಜಾಗ ತುಂಬುವುದಿಲ್ಲ.

ಭಾರತದ ನಟರಿಗೆ ಮರುಪ್ರಸಾರದ ಪಾಲು ಬರುತ್ತದಾ?

ಕಾಗದದ ಮೇಲೆ ಬಾಗಿಲು ತೆರೆದಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಪ್ರದರ್ಶನ ನೀಡಿದವರಿಗೆ ವಾಣಿಜ್ಯ ಬಳಕೆಯ ರಾಯಲ್ಟಿ ಹಕ್ಕು ಕೊಟ್ಟಿದೆ. ಗಾಯಕರು ಸಂಘ ಕಟ್ಟಿ ವಸೂಲಿಗೆ ಇಳಿದರು. ನಟರ ವಿಷಯದಲ್ಲಿ ಅಮೆರಿಕದ ರೀತಿಯ ಲೆಕ್ಕಾಚಾರ ಇಲ್ಲಿ ನೆಲೆಯೂರಿಲ್ಲ. ಒಂದೇ ಮೊತ್ತ, ಒಂದೇ ಸಲ.

ಮುಂದಿನ ವಾರ ಜೂನಿಯರ್ ಆರ್ಟಿಸ್ಟ್ ಆಗಿ ಹೋಗುತ್ತಿದ್ದೇನೆ. ಇದರಲ್ಲಿ ನನಗೆ ಉಪಯೋಗ ಆಗುವುದೇನಾದರೂ ಇದೆಯಾ?

ಅವರ ವೋಚರ್‌ನ ಅಭ್ಯಾಸ ಕದ್ದುಕೊಳ್ಳಿ. ಯಾವ ಸೆಟ್ಟು, ಕರೆದವರು ಯಾರು, ಎಷ್ಟಕ್ಕೆ ಬರಲು ಹೇಳಿದರು, ಎಷ್ಟಕ್ಕೆ ಬಿಟ್ಟರು, ಎಷ್ಟು ದುಡ್ಡು ಅಂದರು, ಕಮಿಷನ್ ಎಷ್ಟು. ಇಷ್ಟನ್ನು ಅದೇ ದಿನ ಕೋ-ಆರ್ಡಿನೇಟರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ, "ಸರಿ ಇದೆಯಾ ಸಾರ್?" ಅಂತ ಕೇಳಿ. ಅವರು ಒಂದು ಹೆಬ್ಬೆರಳಿನ ಗುರುತು ಹಾಕಿದರೂ ಅದು ದಾಖಲೆ. ಸಿನಿಮಾ ಕಾರ್ಮಿಕರಿಗೆ ಲಿಖಿತ ಕರಾರು ಇರಬೇಕು ಅಂತ 1981ರಲ್ಲೇ ಕೇಂದ್ರ ಕಾಯ್ದೆ ಬಂದಿತ್ತು, ಹಾಗಾಗಿ ಬರಹದಲ್ಲಿ ಕೊಡಿ ಅನ್ನುವುದು ಅಧಿಕಪ್ರಸಂಗ ಅಲ್ಲ. ಮುಖ ಸ್ಕ್ಯಾನ್ ಮಾಡುತ್ತೇವೆ ಅಂದರೆ ಯಾವುದಕ್ಕೆ ಅಂತ ಕೇಳದೆ ನಿಲ್ಲಬೇಡಿ.

ಆಮೇಲೆ, ಮದುವೆ ಸೀನು ಅಂದರೆ ಮನೆಯಲ್ಲೇ ತಿಂಡಿ ತಿಂದು ಹೋಗಿ.